ಹಿತ್ತಲ ಮಾತು: ಮೊದಲ ಮಳೆಗಾಲ ನೀರು ನೋಡಿ, ಆಮೇಲೆ ಮರ ನೆಡಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ಶಿವಮೊಗ್ಗದ ಅಂಚಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಫೆಬ್ರವರಿಯಲ್ಲಿ ಗೃಹಪ್ರವೇಶ ಮಾಡಿದೆವು. ಮನೆ ಪೂರ್ವಕ್ಕೆ ಮುಖ. ಹಿಂದೆ, ಪಶ್ಚಿಮಕ್ಕೆ, 25 ಅಡಿ ಉದ್ದ 40 ಅಡಿ ಅಗಲದ ಜಾಗ ಪೂರ್ತಿ ಖಾಲಿ ಇದೆ. ಒಂದು ಹುಲ್ಲುಕಡ್ಡಿಯೂ ಇಲ್ಲ. ದಕ್ಷಿಣಕ್ಕೆ ಪಕ್ಕದವರ ಎರಡು ಅಂತಸ್ತಿನ ಮನೆ, ಉತ್ತರಕ್ಕೆ ಖಾಲಿ ಸೈಟು. ಅಡುಗೆಮನೆ ವಾಯುವ್ಯದಲ್ಲಿದೆ, ಹಿಂದಿನ ಬಾಗಿಲು ಅಲ್ಲೇ. ಶೌಚದ ಇಂಗುಗುಂಡಿ ಪಶ್ಚಿಮದ ಕಾಂಪೌಂಡಿನ ನಡುಮಧ್ಯ ಇದೆ. ಮಕ್ಕಳಿಗೆ 7 ಮತ್ತು 3 ವರ್ಷ. ಅವರಿಗೆ ಜೋಕಾಲಿ ಬೇಕಂತೆ. ನಮ್ಮ ಮನೆಯವರಿಗೆ ಹಸಿರು ಲಾನ್ ಬೇಕು. ಹೊಸನಗರದ ಹಳ್ಳಿಯಿಂದ ಬಂದಿರುವ ಅತ್ತೆಗೆ ಬಸಳೆ, ಡೇರೆ ಹೂವಿನ (ಡೇಲಿಯಾ) ಗಿಡ ಇಲ್ಲದ ಹಿತ್ತಲು ಹಿತ್ತಲೇ ಅಲ್ಲ. ಆದರೆ ಅವರಿಗೆ ಮಂಡಿನೋವು, ಬಗ್ಗಲು ಆಗುವುದಿಲ್ಲ. ನನಗೆ ಒಂದು ಮಾವು, ಒಂದು ತೆಂಗು, ಎರಡು ನಿಂಬೆ ಹಾಕುವ ಆಸೆ. ಮಳೆ ಶುರುವಾಗುವುದರೊಳಗೆ ಎಲ್ಲ ನೆಟ್ಟುಬಿಡೋಣ ಅಂತಿದ್ದೇವೆ. ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಂಗಿ, ನಿಮ್ಮ ಪತ್ರ ಓದಿ ಖುಷಿಯಾಯಿತು. ಮನೆಯಲ್ಲಿ ನಾಲ್ಕು ಜನ ನಾಲ್ಕು ಆಸೆ ಹೇಳಿದ್ದಾರೆ ಅಂದರೆ ನಾಲ್ಕೂ ಜನ ಆ ಜಾಗಕ್ಕೆ ಬಂದು ಕೂರುತ್ತಾರೆ ಅಂತ ಅರ್ಥ. ಎಷ್ಟೋ ಹೊಸ ಮನೆಗಳ ಹಿಂದುಗಡೆಯನ್ನು ಬಟ್ಟೆ ಒಣಗಿಸಲು ಬಿಟ್ಟರೆ ಬೇರೆ ಯಾರೂ ನೋಡುವುದಿಲ್ಲ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಮಳೆಗಾಲ ಒಂದು ಮರವನ್ನೂ ನೆಡಬೇಡಿ. ಲಾನ್ ಹಾಸಬೇಡಿ, ಸಿಮೆಂಟ್ ಹಾದಿಯನ್ನೂ ಹಾಕಿಸಬೇಡಿ. ಗಿಡ ತಪ್ಪು ಜಾಗದಲ್ಲಿದ್ದರೆ ಮುಂದಿನ ವರ್ಷ ಕಿತ್ತು ಬೇರೆ ಕಡೆ ನೆಡಬಹುದು. ಮರ ಮತ್ತು ಸಿಮೆಂಟನ್ನು ಹಾಗೆ ಮಾಡಲು ಆಗುವುದಿಲ್ಲ, ಅಲ್ವಾ? ನಿಮ್ಮ ಜಾಗದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಅಂತ ನಿಮಗಿನ್ನೂ ಗೊತ್ತಿಲ್ಲ. ಆರಿದ್ರಾ, ಪುನರ್ವಸು ಮಳೆ ಹಿಡಿದು ಹೊಡೆಯುವಾಗ ಒಂದು ಕೊಡೆ ಹಿಡಿದು ಹಿಂದಿನ ಬಾಗಿಲಲ್ಲಿ ನಿಂತು ನೋಡಿ. ನಾಲ್ಕು ಕಡ್ಡಿ ಇಟ್ಟುಕೊಂಡು ನೀರು ನಿಂತ ಜಾಗಕ್ಕೆಲ್ಲ ಗುರುತು ಹಾಕಿ. ಹಿತ್ತಲಿನ ನಕ್ಷೆಯನ್ನು ಆ ಕಡ್ಡಿಗಳೇ ಬರೆದುಕೊಡುತ್ತವೆ.

ತಾರಸಿ ನೀರನ್ನು ಹಗುರವಾಗಿ ತಗೊಳ್ಳಬೇಡಿ. ಸಾವಿರ ಚದರ ಅಡಿ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು ಇಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಸಣ್ಣ ಪಾಲು ಮಾತ್ರ. ಹಾಗಂತ ಪೇಟೆಯಲ್ಲಿ ಒಂದು ರಾತ್ರಿಗೆ 50 ಮಿಲಿಮೀಟರ್ ಬರುವುದೇನೂ ಅಪರೂಪವಲ್ಲ. ಆ ನೀರು ಪೈಪಿನಿಂದ ಹಿತ್ತಲಿಗೇ ಬಿದ್ದರೆ ನಿಮ್ಮ ಲಾನೂ ಇಲ್ಲ, ಅತ್ತೆಯ ಡೇರೆಯೂ ಇಲ್ಲ. ಒಂದು ಪೈಪನ್ನು ಡ್ರಮ್ಮಿಗೋ ಸಂಪಿಗೋ ತಿರುಗಿಸಿ. ಉಳಿದ ನೀರಿಗೆ ಉತ್ತರದ ಅಂಚಿನಲ್ಲಿ ಒಂದು ಅಡಿ ಅಗಲದ ಬಸಿಗಾಲುವೆ ತೆಗೆಸಿ ರಸ್ತೆ ಚರಂಡಿಗೆ ದಾರಿ ಕೊಡಿ. ನೆಲ ಯಾವತ್ತೂ ಮನೆಯ ಗೋಡೆಯಿಂದ ಆಚೆಗೆ ಇಳಿಜಾರಾಗಿರಬೇಕು. 10 ಅಡಿಗೆ ಎರಡರಿಂದ ಎರಡೂವರೆ ಇಂಚು ಇಳಿದರೆ ಸಾಕು, ಕಣ್ಣಿಗೂ ಗೊತ್ತಾಗುವುದಿಲ್ಲ.

ಇನ್ನು ಮಣ್ಣು. ಮನೆ ಕಟ್ಟಿದ ಜಾಗದ ಮಣ್ಣು ಮಣ್ಣಾಗಿ ಉಳಿದಿರುವುದಿಲ್ಲ. ಮೇಲೆ ಎರಡು ಬುಟ್ಟಿ ಕೆಂಪು ಮಣ್ಣು ಎಳೆದಿರುತ್ತಾರೆ. ಕೆಳಗೆ ಇಟ್ಟಿಗೆ ಚೂರು, ಗಾರೆ ಗಟ್ಟಿ, ಟೈಲ್ಸ್ ತುಂಡು, ಮೊಳೆ ಎಲ್ಲ ಇರುತ್ತದೆ. ಬರಿಗಾಲಲ್ಲಿ ಓಡುವ ಮಕ್ಕಳಿರುವ ಮನೆಯಲ್ಲಿ ಇದನ್ನು ಬಿಡುವ ಹಾಗೇ ಇಲ್ಲ. ಮಳೆಗೆ ಮುಂಚೆ ಇಬ್ಬರು ಆಳು ಕರೆದು ಒಂದು ಅಡಿ ಆಳ ಅಗೆಸಿ, ಜರಡಿ ಹಿಡಿಸಿ. ನೀವು ಖರ್ಚು ಮಾಡುವುದಿದ್ದರೆ ಮೊದಲ ದುಡ್ಡು ಇದಕ್ಕೇ ಹೋಗಲಿ, ನರ್ಸರಿಗೆ ಬೇಡ.

ಒಂದು ಅಡಿ ಗುಂಡಿ ತೆಗೆದು ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ ಗಡಿಯಾರ ನೋಡಿ. ಗಂಟೆಗೆ ಒಂದು ಇಂಚಿನಷ್ಟಾದರೂ ಇಳಿದರೆ ಚಿಂತೆಯಿಲ್ಲ. ಇಳಿಯದೆ ಹಾಗೇ ನಿಂತರೆ ಅಲ್ಲಿ ನೆಲಕ್ಕಿಂತ ಎತ್ತರಿಸಿದ ಏರು ಮಡಿಯೇ ಗತಿ.

ಸುಣ್ಣದ ವಿಷಯ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು, ಅದಕ್ಕೆ ಸುಣ್ಣ ಹಾಕುವುದು ನಮ್ಮ ತೋಟಗಳ ಹಳೆಯ ರೂಢಿ. ಅದು ಸರಿಯೇ. ಆದರೆ ನಿಮ್ಮ ಮಣ್ಣಿಗೆ ಆಗಲೇ ಸಿಮೆಂಟು, ಗಾರೆ ಬೆರೆತಿದೆ. ಅದು ಹುಳಿಯನ್ನು ಕಡಿಮೆ ಮಾಡುತ್ತದೆ, ಕೆಲವು ಕಡೆ ತೀರಾ ಉಲ್ಟಾ ಹೊಡೆಸಿರುತ್ತದೆ. ಆದ್ದರಿಂದ ಪರೀಕ್ಷೆ ಮಾಡಿಸದೆ ಒಂದು ಹಿಡಿ ಸುಣ್ಣವನ್ನೂ ಹಾಕಬೇಡಿ. ನವಿಲೆಯ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲೋ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೋ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ. ನಾಲ್ಕಾರು ಕಡೆಯ ಮಣ್ಣು ಕಲಸಿ ಅರ್ಧ ಕೆಜಿ ತಗೊಂಡು ಹೋದರೆ ಆಯಿತು.

ಜರಡಿ ಹಿಡಿದ ಜಾಗವನ್ನು ಬೋಳಾಗಿ ಬಿಡಬೇಡಿ, ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ರೋಹಿಣಿ ಮಳೆಗೆ ಇಡೀ ಹಿತ್ತಲಿಗೆ ಸೆಣಬು, ಅಲಸಂದೆ ಬೀಜ ಎರಚಿ. ಸೆಣಬು ಹೂ ಬಿಡುವ ಮುಂಚೆ, ಅಂದರೆ ಸುಮಾರು 45 ದಿನಕ್ಕೆ, ಕೊಯ್ದು ಅಲ್ಲೇ ಮಣ್ಣಿಗೆ ಸೇರಿಸಿ. ಮಕ್ಕಳಿಗೆ ಅಷ್ಟು ದಿನ ಅದೇ ಕಾಡು. ಈ ಒಂದು ಮಳೆಗಾಲ ಮಣ್ಣಿಗೆ ಕೊಟ್ಟರೆ ಮುಂದೆ ಎಲ್ಲವೂ ಸಲೀಸು.

ಅತ್ತೆಯನ್ನು ಮಾತ್ರ ಕಾಯಿಸಬೇಡಿ. ಊರು ಬಿಟ್ಟು ಬಂದವರಿಗೆ ಕೈಗೆ ಮಣ್ಣು ಸಿಗದಿದ್ದರೆ ದಿನ ಹೋಗುವುದಿಲ್ಲ. ಅಡುಗೆಮನೆ ಬಾಗಿಲಿನಿಂದ ಹತ್ತು ಹೆಜ್ಜೆಯೊಳಗೆ ಜಂಬಿಟ್ಟಿಗೆ ಕಲ್ಲಿನಲ್ಲಿ ಎರಡು ಅಡಿ ಎತ್ತರದ ಒಂದು ಕಟ್ಟೆ ಮಡಿ ಈಗಲೇ ಕಟ್ಟಿಸಿ. ಅಗಲ ನಾಲ್ಕು ಅಡಿ ದಾಟುವುದು ಬೇಡ, ಎರಡೂ ಕಡೆಯಿಂದ ಕೈ ನಡುವಿಗೆ ಎಟುಕಬೇಕು. ಉದ್ದ ಎಂಟು ಅಡಿ ಇರಲಿ. ಗಾರೆ ಹಾಕದೆ ಕಲ್ಲು ಜೋಡಿಸಿದರೂ ನಡೆಯುತ್ತದೆ. ಹಾಕಿದರೆ ಬುಡದಲ್ಲಿ ನೀರು ಬಸಿಯಲು ತೂತು ಬಿಡಿಸಿ. ಅಂಚಿನ ಕಲ್ಲಿನ ಮೇಲೆ ಅವರು ಕೂತುಕೊಂಡೇ ಕಳೆ ಕೀಳಬಹುದು. ಎರಡು ಪಾಲು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ತುಂಬಿ. ಡೇರೆ ಗೆಡ್ಡೆಗಳನ್ನು ಊರಿನಿಂದ ಈಗಲೇ ತರಿಸಿ. ಕಣ್ಣು ಇರುವ ತುಂಡೇ ಆಗಬೇಕು ಅಂತ ಅವರಿಗೆ ನಾನು ಹೇಳಬೇಕಾಗಿಲ್ಲ. ಆಳೆತ್ತರ ಬೆಳೆಯುವ ಜಾತಿಯಾದರೆ ನೆಡುವಾಗಲೇ ಅಡಿಕೆ ದಬ್ಬೆಯ ಗೂಟ ಹುಗಿದುಬಿಡಿ. ಆಮೇಲೆ ಹುಗಿಯಲು ಹೋದರೆ ಗೆಡ್ಡೆ ತುಂಡಾಗುತ್ತದೆ. ನಮ್ಮ ಸಾಗರದ ಕಡೆ ಶ್ರಾವಣದಲ್ಲಿ ಯಾರ ಮನೆಗೆ ಹೋದರೂ ಮೊದಲ ಮಾತು ಡೇರೆಯದೇ. ಅವರ ಮನೆಯಲ್ಲಿಲ್ಲದ ಬಣ್ಣ ನಮ್ಮಲ್ಲಿದ್ದರೆ ಗೆಡ್ಡೆ ಕೊಡುವ ಮಾತು ಅಲ್ಲೇ ಆಗುತ್ತದೆ. ನಿಮ್ಮ ಅತ್ತೆಗೆ ಹೊಸ ಬಡಾವಣೆಯಲ್ಲಿ ಗೆಳತಿಯರು ಸಿಗುವುದೂ ಹಾಗೇ.

ಬಸಳೆಗೆ ಕಟ್ಟೆ ಬೇಡ. ಪಾತ್ರೆ ತೊಳೆದ ನೀರು ಹರಿಯುವ ಕಡೆ ನಾಲ್ಕು ಕಡ್ಡಿ ಊರಿ, ದಬ್ಬೆಯಲ್ಲಿ ಐದು ಅಡಿ ಎತ್ತರಕ್ಕೆ ಚಪ್ಪರ ಹಾಕಿ. ಬಗ್ಗದೆ ಕೊಯ್ಯಬಹುದು. ಕೆಸು, ಬಾಳೆಗೂ ಆ ನೀರು ಆಗುತ್ತದೆ. ಆದರೆ ಹಸಿ ಕೆಸುವಿನ ಎಲೆ ಬಾಯಿಗೆ ಹಾಕಿದರೆ ತುರಿಕೆ ಬರುತ್ತದೆ. ಮೂರು ವರ್ಷದ ಮಗುವಿದೆ, ಅದು ನಾಲ್ಕಾರು ವರ್ಷ ಬಿಟ್ಟು ಬರಲಿ.

ಈಗ ಬಿಸಿಲು. ಇದನ್ನು ತುಂಬಾ ಜನ ಮರೆಯುತ್ತಾರೆ. ನಮ್ಮ ಊರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ಚೆನ್ನಾಗಿ ಬಾಗುತ್ತಾನೆ. ಡಿಸೆಂಬರ್ ಮಧ್ಯಾಹ್ನ 20 ಅಡಿ ಗೋಡೆಯ ನೆರಳು ಉತ್ತರಕ್ಕೆ ಸುಮಾರು 15 ಅಡಿ ಚಾಚುತ್ತದೆ. ನಿಮ್ಮ ದಕ್ಷಿಣಕ್ಕೆ ಎರಡು ಅಂತಸ್ತಿನ ಮನೆ ಇದೆ. ನಡುವಿನ ಸಂದು ಕಳೆದರೂ ಹಿತ್ತಲಿನ ದಕ್ಷಿಣದ 10 ಅಡಿಗೆ ಚಳಿಗಾಲದಲ್ಲಿ ಬಿಸಿಲು ಸಾಲದು. ತರಕಾರಿ ಚೆನ್ನಾಗಿ ಬರುವ ಕಾಲವೇ ಅದು! ಈಗ ಮೇ ತಿಂಗಳಲ್ಲಿ ನೋಡಿ, ಎಲ್ಲ ಕಡೆ ಬಿಸಿಲಿದೆ ಅಂದುಕೊಂಡರೆ ಮೋಸ ಹೋಗುತ್ತೀರಿ. ಆದ್ದರಿಂದ ತರಕಾರಿ ಮಡಿಗಳು ಉತ್ತರದ ಅರ್ಧದಲ್ಲಿ, ಮಕ್ಕಳ ಆಟ ದಕ್ಷಿಣದ ಅರ್ಧದಲ್ಲಿ. ಅಡುಗೆಮನೆ ಕಿಟಕಿಯಿಂದ ಆ ಕಡೆ ಓರೆಯಾಗಿ ಕಾಣುತ್ತದೆ ಅಂದುಕೊಂಡಿದ್ದೇನೆ. ಜೋಕಾಲಿ ಇಡುವ ಮುಂಚೆ ಒಲೆಯ ಮುಂದೆ ನಿಂತು ಒಮ್ಮೆ ನೋಡಿ. ಮಗು ಕಾಣದ ಜಾಗದಲ್ಲಿ ಜೋಕಾಲಿ ಬೇಡವೇ ಬೇಡ.

ಹಾದಿಯನ್ನು ಮನೆಯವರ ಕಾಲೇ ಹೇಳಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಬಾಗಿಲಿನಿಂದ ಬಟ್ಟೆ ತಂತಿಗೆ, ಅಲ್ಲಿಂದ ಕಟ್ಟೆ ಮಡಿಗೆ ಒಂದು ಗೆರೆ ತಾನಾಗಿ ಬಿದ್ದಿರುತ್ತದೆ. ಅದೇ ಗೆರೆಯಲ್ಲಿ ಮೂರು ಅಡಿ ಅಗಲಕ್ಕೆ ಕಲ್ಲು ಹಾಸಿ. ನುಣುಪಿನ ಟೈಲ್ಸ್ ಬೇಡ. ಜಂಬಿಟ್ಟಿಗೆಯೂ ಹಾದಿಗೆ ಬೇಡ, ಅದಕ್ಕೆ ಬೇಗ ಪಾಚಿ ಕಟ್ಟುತ್ತದೆ. ಮಂಡಿನೋವಿನವರು ಜಾರಿ ಬಿದ್ದರೆ ಹಿತ್ತಲಿನ ಆಸೆಯೇ ಮುಗಿದುಹೋಗುತ್ತದೆ. ಒರಟು ಕಲ್ಲು ಚಪ್ಪಡಿ, ನಡುವೆ ಸಣ್ಣ ಜಲ್ಲಿ. ಅಷ್ಟು ಸಾಕು.

ನಿಮ್ಮ ಮನೆಯವರ ಲಾನಿಗೆ ನನ್ನ ವಿರೋಧವಿಲ್ಲ. ಆದರೆ ದುಡ್ಡು ಕೊಟ್ಟು ಹುಲ್ಲಿನ ಹಾಸು ತರುವ ಬದಲು ಗರಿಕೆ ಹಾಕಿ ಅಂತ ಅವರಿಗೆ ಹೇಳಿ. ದೊಡ್ಡ ದೊಡ್ಡ ಮೈದಾನಗಳಲ್ಲಿ ಬೆಳೆಸುವುದೂ ಗರಿಕೆಯ ಜಾತಿಯನ್ನೇ. ತುಳಿದರೂ ತಡೆಯುತ್ತದೆ, ಬೇಸಿಗೆಯಲ್ಲಿ ಒಣಗಿದರೂ ಮಳೆಗೆ ಚಿಗುರುತ್ತದೆ, ಚೌತಿಗೆ ಗರಿಕೆ ಹುಡುಕಿಕೊಂಡು ಹೋಗುವುದು ತಪ್ಪುತ್ತದೆ. ಬಿಸಿಲು ಮಾತ್ರ ಬೇಕೇ ಬೇಕು, ಹಾಗಾಗಿ ಹಿತ್ತಲಿನ ನಡುಭಾಗ ಅದಕ್ಕೆ ಸರಿ. ಅದು ಮಡಿಗೂ ನುಗ್ಗುವ ಹುಲ್ಲು. ಅಂಚಿಗೆ ಕಲ್ಲನ್ನು ಅರ್ಧ ಅಡಿ ಆಳಕ್ಕೆ ಹುಗಿದು ತಡೆ ಹಾಕಿ.

ಮರದ ವಿಷಯಕ್ಕೆ ಬರುತ್ತೇನೆ. ಸಾವಿರ ಚದರ ಅಡಿಗೆ ನಾಲ್ಕು ಮರ ಜಾಸ್ತಿಯಾಯಿತು ತಂಗಿ. ತೆಂಗಿಗೆ ಮರದಿಂದ ಮರಕ್ಕೆ 25 ಅಡಿ ಬಿಡುತ್ತೇವೆ. ಅದರ ಕೆಳಗೆ ಮಕ್ಕಳು ಆಡುವ ಹಾಗಿಲ್ಲ. ಒಂದು ಕಾಯಿ, ಒಂದು ಒಣ ಮಡಲು ಬಿದ್ದರೂ ಸಾಕು. ಮಾವು ಹರಡಿಕೊಂಡರೆ ಇಡೀ ಹಿತ್ತಲಿಗೆ ನೆರಳು. ನುಗ್ಗೆ ಹಾಕಿ ಅಂತ ಯಾರಾದರೂ ಹೇಳಿದರೆ ಅದೂ ಬೇಡ. ಕೊಂಬೆ ಪೆಳಸು, ಗಾಳಿಗೆ ಮುರಿಯುತ್ತದೆ, ಕಂಬಳಿಹುಳ ಬಿದ್ದ ವರ್ಷ ಮಕ್ಕಳ ಮೈಯೆಲ್ಲ ತುರಿಕೆ. ನಾನು ಹೇಳುವುದು ಒಂದು ಪೇರಲೆ. ಕಸಿ ಗಿಡವಾದರೆ ಎರಡು ಮೂರು ವರ್ಷಕ್ಕೆ ಕಾಯಿ ಬಿಡುತ್ತದೆ. ತಲೆ ಚಿವುಟುತ್ತಾ ಬಂದರೆ ಏಳೆಂಟು ಅಡಿಗೆ ನಿಲ್ಲುತ್ತದೆ. ಕೊಂಬೆ ಗಟ್ಟಿ, ಮಕ್ಕಳು ಹತ್ತಬಹುದು. ನೈರುತ್ಯದ ಕಡೆ, ಇಂಗುಗುಂಡಿಯಿಂದ 10 ಅಡಿ ದೂರದಲ್ಲಿ ಮುಂದಿನ ವರ್ಷ ಮೃಗಶಿರ ಮಳೆಗೆ ನೆಡಿ. ಆಟದ ಜಾಗಕ್ಕೆ ಸಂಜೆಬಿಸಿಲಿನ ಮರೆಯೂ ಆಗುತ್ತದೆ. ನಿಂಬೆ ಎರಡು ಬೇಡ, ಒಂದೇ ಸಾಕು. ಮುಳ್ಳಿನ ಗಿಡ, ಹಾದಿಯಿಂದ ದೂರ ಇರಲಿ. ಇಂಗುಗುಂಡಿಯ ಮೇಲೆ ಸೊಪ್ಪು, ಗೆಡ್ಡೆ ತರಕಾರಿ ಬೆಳೆಯಬೇಡಿ. ಅಬ್ಬಲಿಗೆಯಂಥ ಸಣ್ಣ ಹೂಗಿಡ ಹಾಕಿ.

ಕರಿಬೇವು, ನಿಂಬೆಯ ಎಲೆ ಹುಳ ತಿಂದಿತು ಅಂತ ಔಷಧಿ ಹೊಡೆಯಬೇಡಿ. ಹಕ್ಕಿಯ ಹಿಕ್ಕೆಯ ಹಾಗೆ ಕಾಣುವ ಆ ಮರಿಹುಳ ಆಮೇಲೆ ಹಸಿರಾಗಿ, ಕೋಶ ಕಟ್ಟಿ, ಚಿಟ್ಟೆಯಾಗುತ್ತದೆ. ಏಳು ವರ್ಷದ ಮಗುವಿಗೆ ದಿನಾ ಶಾಲೆಯಿಂದ ಬಂದು ನೋಡಲು ಇದಕ್ಕಿಂತ ಒಳ್ಳೆಯದು ಏನಿದೆ? ಮಕ್ಕಳಿಗೆ ಅವರದೇ ಒಂದು ಮಡಿ ಕೊಡಿ. ಮೂರು ಅಡಿ ಚೌಕ ಸಾಕು. ಹಸ್ತೆ, ಚಿತ್ತೆ ಮಳೆ ಕಳೆದ ಮೇಲೆ ಹರಿವೆ, ಮೂಲಂಗಿ ಹಾಕಿಸಿ. ಹರಿವೆ 25-30 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಮಕ್ಕಳ ತಾಳ್ಮೆಗೆ ಸರಿಹೋಗುವ ಬೆಳೆ. ಇನ್ನೊಂದು ಮೂಲೆಯನ್ನು ಏನೂ ನೆಡದೆ ಮಣ್ಣಾಗಿಯೇ ಬಿಡಿ. ಅಗೆಯಲಿ, ನೀರು ಹಾಕಲಿ, ಕಾಲುವೆ ತೋಡಲಿ. ಆಟದ ಸಾಮಾನು ಎಷ್ಟೇ ತಂದರೂ ಮಕ್ಕಳು ಹೋಗುವುದು ಆ ಮೂಲೆಗೇ. ಜೋಕಾಲಿಯನ್ನು ಕಬ್ಬಿಣದ ಕಾಲಿನದ್ದು ಮಾಡಿಸಿ, ಅದರ ಕೆಳಗೆ ಮುಕ್ಕಾಲು ಅಡಿ ದಪ್ಪ ಮರಳು ಹಾಕಿ. ರಾತ್ರಿ ಮರಳಿನ ಮೇಲೊಂದು ತಾಡಪಾಲು ಮುಚ್ಚಿ, ಇಲ್ಲದಿದ್ದರೆ ಬೆಕ್ಕುಗಳು ಗಲೀಜು ಮಾಡುತ್ತವೆ.

ಕೆಲವು ಗಿಡ ನಿಮ್ಮ ಕಾಂಪೌಂಡಿನೊಳಗೆ ಬರುವುದೇ ಬೇಡ. ಕಣಗಿಲೆ, ಅದು ಕೆಂಪಿರಲಿ ಹಳದಿಯಿರಲಿ. ಉಮ್ಮತ್ತಿ. ಗುಲಗಂಜಿ ಬಳ್ಳಿ. ಗೌರಿ ಹಬ್ಬದ ಹೊತ್ತಿಗೆ ಬೇಲಿಯಲ್ಲಿ ಬೆಂಕಿಯ ಬಣ್ಣದಲ್ಲಿ ಅರಳುವ ಗೌರಿಹೂ ಕಣ್ಣಿಗೆ ಎಷ್ಟು ಚೆಂದವೋ, ಗೆಡ್ಡೆಯಿಂದ ಹೂವಿನವರೆಗೆ ಅಷ್ಟೇ ವಿಷ. ನರ್ಸರಿಯವರು ಚುಕ್ಕೆ ಎಲೆಯ ಡಿಫೆನ್‌ಬೇಕಿಯಾ ಕೊಟ್ಟರೆ ಬೇಡ ಅನ್ನಿ, ಅದನ್ನು ಕಚ್ಚಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತದೆ. ಕಮಲದ ಕೊಳವೂ ಸದ್ಯಕ್ಕೆ ಬೇಡ. ಮೂರು ವರ್ಷದ ಮಗುವಿಗೆ ಒಂದು ಬಕೆಟ್ ನೀರೂ ಅಪಾಯವೇ. ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ, ಮಳೆನೀರಿನ ಡ್ರಮ್ಮಿಗೆ ಬಲೆ ಕಟ್ಟಿ. ಹಕ್ಕಿಗೆ ಇಡುವ ಬಟ್ಟಲಿನ ನೀರನ್ನೂ ವಾರದೊಳಗೆ ಚೆಲ್ಲಿ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಅಷ್ಟು ದಿನ ಸಾಕು. ಉಳಿದ ಹೆಂಚು, ಇಟ್ಟಿಗೆ, ಸೌದೆಯನ್ನು ಆಟದ ಜಾಗದ ಹತ್ತಿರ ಒಟ್ಟಬೇಡಿ. ಅಲ್ಲಿ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ.

ಗೊಬ್ಬರದ ಗುಂಡಿಗೆ ಉತ್ತರದ ಮೂಲೆ ಸರಿ. ಪಕ್ಕದ ಸೈಟಿನಲ್ಲಿ ಮನೆ ಬಂದಾಗ ಅವರ ಕಿಟಕಿ ನೋಡಿಕೊಂಡು ಜರುಗಿಸಿ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಕಾಡಂಚಿನ ಮನೆ. ಹಿತ್ತಲಿಗೆ ಏನು ಹಾಕಿದರೂ ಮಂಗ ಬಿಡುವುದಿಲ್ಲ. ಮೊಮ್ಮಕ್ಕಳು ರಜೆಗೆ ಬರುತ್ತಾರೆ, ಅವರಿಗಾದರೂ ನಾಲ್ಕು ಗಿಡ ತೋರಿಸಬೇಕು ಅನ್ನಿಸುತ್ತದೆ. ಕಾಡಿನಿಂದ ದರಕು (ಉದುರಿದ ಒಣ ಎಲೆ) ತಂದು ಬುಡಕ್ಕೆ ಹಾಕುವ ರೂಢಿ ನಮ್ಮದು. ಸಲಹೆ ಕೊಡಿ.
— ಹಿರಿಯ ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಣ್ಣಾ, ಬಾಳೆ, ಪೇರಲೆ, ಪಪ್ಪಾಯಿ, ಸೌತೆ ಇವನ್ನು ಬಯಲಲ್ಲಿ ಹಾಕಿ ಮಂಗನಿಗೆ ಕಾಯುತ್ತಾ ಕೂರುವುದು ನಿಮ್ಮ ವಯಸ್ಸಿಗೆ ಬೇಡ. ಅರಿಶಿನ, ಶುಂಠಿ, ಸುವರ್ಣಗೆಡ್ಡೆ, ಸೂಜಿಮೆಣಸು, ಕರಿಬೇವು, ದೊಡ್ಡಪತ್ರೆ, ಒಂದೆಲಗ ಇವುಗಳ ತಂಟೆಗೆ ಅವು ಬರುವುದು ಕಡಿಮೆ. ನಮ್ಮ ಕಡೆ ಹಾಗಲವನ್ನೂ ಅಷ್ಟಾಗಿ ಮುಟ್ಟುವುದಿಲ್ಲ. ಮೊಮ್ಮಕ್ಕಳಿಗೆ ಅರಿಶಿನದ ಬುಡ ಅಗೆದು ಕೊಂಬು ಹೊರಗೆ ಬರುವುದನ್ನು ತೋರಿಸಿ, ಕೈಯೆಲ್ಲ ಹಳದಿ ಮಾಡಿಕೊಂಡು ಕುಣಿಯುತ್ತಾರೆ. ತರಕಾರಿ ಬೇಕೇ ಬೇಕು ಅಂದರೆ ಮನೆಗೆ ತಾಗಿಸಿ ಹತ್ತು ಅಡಿಯ ಒಂದು ಬಲೆಯ ಗೂಡು ಮಾಡಿ. ಮೇಲ್ಭಾಗಕ್ಕೂ ಬಲೆ ಬೇಕು.

ದರಕಿನ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದು ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇವರೆಗೆ ಕಾಡಿನ ತರಗೆಲೆಯಲ್ಲಿ ಉಣುಗಿನ ಮರಿಗಳು ಜಾಸ್ತಿ. ನಾವು ದರಕು ಗುಡಿಸಿ ತರುವ ಕಾಲವೂ ಅದೇ. ಮಕ್ಕಳು ಆಡುವ ಹಿತ್ತಲಿಗೆ ಆ ತಿಂಗಳುಗಳಲ್ಲಿ ಕಾಡಿನ ದರಕು ಬೇಡ. ಬದಲಿಗೆ ಹಿತ್ತಲಿನದೇ ಹುಲ್ಲು, ಬಾಳೆ ಎಲೆ, ಅಡಿಕೆ ಸಿಪ್ಪೆ ಹಾಕಿ. ಕಾಡಿಗೆ ಹೋಗಿ ಬಂದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಲಿ. ಹಿತ್ತಲಲ್ಲೋ ಕಾಡಂಚಿನಲ್ಲೋ ಮಂಗ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ, ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅಲ್ಲಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಒಂದು ದಿನವೂ ತಡಮಾಡಬೇಡಿ.

ಪ್ರಶ್ನೆ: ಸಾಗರದಲ್ಲಿ ಬಾಡಿಗೆ ಮನೆ. ಹಿಂದೆ ನಾಲ್ಕು ಅಡಿಯ ಸಿಮೆಂಟ್ ಸಂದು ಬಿಟ್ಟರೆ ಏನೂ ಇಲ್ಲ. ಮಗಳಿಗೆ ಗಿಡ ಅಂದರೆ ಪ್ರಾಣ. ಏನಾದರೂ ಮಾಡಬಹುದಾ?
— ಓದುಗರು, ಸಾಗರ

ಉತ್ತರ: ಖಂಡಿತ ಮಾಡಬಹುದು. ಸಂದಿಗೆ ದಿನಕ್ಕೆ ನಾಲ್ಕು ಗಂಟೆ ಬಿಸಿಲು ಬರುವ ಜಾಗ ಯಾವುದು ಅಂತ ಮೊದಲು ಮಗಳ ಹತ್ತಿರವೇ ಗುರುತು ಹಾಕಿಸಿ. ಹಳೆಯ ಬಕೆಟ್ಟುಗಳ ತಳಕ್ಕೆ ಐದಾರು ತೂತು ಮಾಡಿ, ಎರಡು ಇಟ್ಟಿಗೆಯ ಮೇಲೆ ಕೂರಿಸಿ. ಸಾಗರದ ಮಳೆಗೆ ನೆಲಕ್ಕೆ ಇಟ್ಟ ಕುಂಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ದೊಡ್ಡಪತ್ರೆ, ಒಂದೆಲಗ, ಮೆಣಸಿನ ಗಿಡ, ಒಂದು ಬಕೆಟ್ಟಿಗೆ ಬಸಳೆ. ಬಸಳೆಗೆ ಕಿಟಕಿಯ ಸರಳಿನಿಂದ ಒಂದು ಹಗ್ಗ ಇಳಿಬಿಡಿ, ಅದೇ ಹತ್ತಿಕೊಳ್ಳುತ್ತದೆ. ಮನೆ ಬದಲಿಸುವಾಗ ಬಕೆಟ್ ಒಯ್ಯಲು ಆಗದಿದ್ದರೆ ಗೇಣುದ್ದದ ನಾಲ್ಕು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಳ್ಳಿ.